ನಿನ್ನ ಹೆಸರಿನಲ್ಲಿ ಓಡಿದ ಓಟ

ದೊಡ್ಡಬಳ್ಳಾಪುರ, 1946

ಪಿಳ್ಳಪ್ಪ,

ಇವತ್ತು ನಿಮ್ಮಮ್ಮ ತೂಬಗೆರೆಯಿಂದ ಬೆಂಗಳೂರಿಗೆ, ನಮ್ಮ ಕಾಲೇಜಿಗೇ ಬಂದಿದ್ದರು. ನೀನು ಜ್ವರದಲ್ಲಿ ಮಲಗಿದ್ದಾಗ ನಿನ್ನ ಹೆಸರಿನಲ್ಲಿ ನಾನು ಒಂದು ಮೈಲಿ ಓಡಿ ಗೆದ್ದೆ. ಗೆದ್ದ ಕೂಡಲೇ ಸಿಕ್ಕಿಬಿದ್ದೆ. ಅದು ನಿನಗೆ ತಿಳಿಯದು, ಅಷ್ಟರಲ್ಲಿ ನೀನು ತೀರಿಹೋಗಿದ್ದೆ. ಅಂದಿನಿಂದ ನನ್ನನ್ನು ಯಾವ ಪಂದ್ಯಕ್ಕೂ ಸೇರಿಸಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದಾಗಲೆಲ್ಲ ಸುಮ್ಮನಿದ್ದೆ.

ಪ್ರಿನ್ಸಿಪಾಲರ ಮುಂದೆ ಅಮ್ಮ ಸೆರಗು ಹೊದ್ದು ನಿಂತರು. "ನನ್ ಮಗನೇ ಕೈ ಹಿಡ್ಕೊಂಡು ಕೇಳ್ಕೊಂಡಿದ್ದು ಸ್ವಾಮಿ. ನಾನೇ ಓಡ್ದಂಗಾಗ್ಲಿ ಮಸ್ತಾನ್ ಅಂದ. ಸಾಯೋನ ಮಾತು ಈ ಹುಡುಗ ನಡೆಸ್ಕೊಟ್ಟ. ತಪ್ಪಿದ್ರೆ ನಮ್ದು."

ಪ್ರಿನ್ಸಿಪಾಲರು ನನ್ನತ್ತ ತಿರುಗಿ, "ಶನಿವಾರದ ಪಂದ್ಯದಲ್ಲಿ ಓಡು. ನಿನ್ನದೇ ಹೆಸರಿನಲ್ಲಿ" ಎಂದರು.

ವಾಪಸು ಬರುವಾಗ ರೈಲಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದರು. ರಾಜಾನುಕುಂಟೆ ದಾಟಿದ ಮೇಲೆ ಮೆಲ್ಲಗೆ ಹೇಳಿದರು.

"ನೀನು ಅಲ್ಲಿ ಓಡ್ತಿದ್ದ ಹೊತ್ನಲ್ಲಿ ಅವನು ಹಾಸ್ಗೇಲಿ ಕಾಲು ಆಡಿಸ್ತಿದ್ದ ಕಣಪ್ಪ. ನಿಧಾನಕ್ಕೆ ಶುರುವಾಗಿ ಜೋರಾಯ್ತು. ಆಮೇಲೆ ನಿಂತೋಯ್ತು. ಗೆದ್ಬಿಟ್ಟ ಅಂದ್ಕೊಂಡೆ. ನೋಡಿದ್ರೆ ಉಸಿರೇ ಇರ್ಲಿಲ್ಲ."

ದೊಡ್ಡಬಳ್ಳಾಪುರದಲ್ಲಿ ಇಳಿದು ಅವರನ್ನು ತೂಬಗೆರೆಯ ಗಾಡಿ ಹತ್ತಿಸಿ ಮನೆಗೆ ಬಂದೆ.

ಸಂಜೆ ಅಭ್ಯಾಸಕ್ಕೆಂದು ಕೆರೆಯ ಬಯಲಿಗೆ ಹೋದೆ. ಇಷ್ಟು ತಿಂಗಳು ಓಡದಿದ್ದರೂ ಮೈ ಹಗುರವಾಗಿತ್ತು, ಉಸಿರು ಚೆನ್ನಾಗಿತ್ತು. ಸುತ್ತು ಹಾಕುತ್ತ ಹಾಕುತ್ತ ಒಂದು ಮೈಲಿ ಮುಗಿಯಿತು.

ನಿಲ್ಲಲು ಧೈರ್ಯ ಬರಲಿಲ್ಲ ಕಣೋ. ಕತ್ತಲಾಗುವವರೆಗೂ ಓಡುತ್ತಲೇ ಇದ್ದೆ.