ಚಂದ್ರನಿಲ್ಲದ ವೀರಗಲ್ಲು

ತಾವರೆಕೆರೆ
೮ ನವೆಂಬರ್ ೨೦೨೫

ಪ್ರೀತಿಯ ಅಖ್ತರ್‌ಗೆ,

ನಿನ್ನ ನಾಗು ಮಾಡುವ ನಮಸ್ಕಾರ. ದೀಪಾವಳಿಗೇ ಬರೆಯಬೇಕಿತ್ತು. ಕಡ್ಲೆಕಾಯಿ ಕೀಳುವುದು, ಬಿಡಿಸುವುದು, ನೆಪಕ್ಕೇನು ಬರ! ಮನಸ್ಸೇ ಬರಲಿಲ್ಲ ಅನ್ನುವುದು ನಿಜ. ಫೋನ್ ಮಾಡೋಣವೆಂದರೆ ಈ ಮನೆ ತುಂಬ ಕಿವಿಗಳು. ನಿನ್ನ ಮಂಡಿನೋವು ಹೇಗಿದೆ? ಶಿರಾದ ಹೊಸ ಡಾಕ್ಟರ ಮಾತ್ರೆ ಹಿಡಿಸಿತೇ?

ಕೆರೆಕೋಡಿಯ ವೀರಗಲ್ಲಿನ ಸುದ್ದಿ ನಿನಗೂ ಮುಟ್ಟಿರಬೇಕು. ಮೇಲ್ಗಡೆ ಸೂರ್ಯ ಚಂದ್ರ ಕೆತ್ತಿದ್ದರಲ್ಲ, ಆ ಚಂದ್ರನ ಫೋಟೊ ಯಾವನೋ ಮೊಬೈಲಿಗೆ ಹಾಕಿ, ನಮ್ಮ ವೀರನ ತಲೆಯ ಮೇಲೆ ಸಾಬರು ತಮ್ಮ ಗುರುತು ಕೆತ್ತಿದ್ದಾರೆ ಎಂದು ಬರೆದ. ಊರೆಲ್ಲ ಅದೇ ಮಾತು. ಸೂರ್ಯ ಚಂದ್ರರಿರುವ ತನಕ ಇವನ ಹೆಸರಿರಲಿ ಎಂದು ನಮ್ಮವರೇ ಕೆತ್ತಿಸಿದ್ದು ಎಂದು ಈ ಹುಡುಗರನ್ನೆಲ್ಲ ಅದೇ ಕಲ್ಲಿನ ಮುಂದೆ ಕೂರಿಸಿಕೊಂಡು ಪಾಠ ಹೇಳಿದವಳು ನಾನು. ಮತ್ತೆ ಹೇಳಹೋದರೆ ಪೂಜೆಯ ಬೈರಪ್ಪ ಕೈ ಮುಗಿದ. "ಬುಡಿ ಟೀಚರಮ್ಮ, ಸುಮ್ಕಿರಿ. ಈಗ ಪಾಟ ಎಲ್ಲಾ ಫೋನಲ್ಲೇ ಐತೆ."

ಒಂದು ಬೆಳಿಗ್ಗೆ ನೋಡಿದರೆ ಚಂದ್ರನಿಲ್ಲ. ಉಳಿಯಲ್ಲಿ ಹೊಡೆದು ಕಿತ್ತಿದ್ದರು. ಬೈರಪ್ಪ ಆ ಗಾಯಕ್ಕೆ ಹರಳೆಣ್ಣೆ ಸವರುತ್ತಾ ನಿಂತಿದ್ದ. ನನಗೆ ಅಳುವುದಕ್ಕೂ ಸುಸ್ತು ಕಣೇ.

ಕಲ್ಲಿನ ಪೂಜೆಯ ಕಡೇ ಕಾರ್ತಿಕ ಸೋಮವಾರ ಹತ್ತಿರ ಬಂತು. ನಿಮ್ಮ ಮನೆಯ ಲೋಬಾನದ ಹೊಗೆ ತೋರಿಸದೆ ಆ ಕಲ್ಲಿನ ಮುಂದೆ ಯಾರೂ ತಂಬಿಟ್ಟು ಹಂಚಿದ್ದಿಲ್ಲ. ನಿಮ್ಮಜ್ಜನ ಕಾಲದಿಂದ ಬಂದದ್ದು. ಶಿರಾ ಸೇರಿದ ಮೇಲೂ ನೀನು ಒಂದು ವರ್ಷವೂ ತಪ್ಪಿಸಲಿಲ್ಲ. ಈ ವರ್ಷ ಬರಬೇಡ. ಮಂಡಿನೋವು, ಬಸ್ಸಿನ ನೂಕಾಟ, ರಸ್ತೆ ಬೇರೆ ಕಿತ್ತುಹೋಗಿದೆ. 'ಬಾ' ಎಂದು ಬರೆದೇ ಅಭ್ಯಾಸವಾದ ಕೈ ಇದು, ನಾಚಿಕೆಯಾಗುತ್ತಿದೆ.

ನಿನ್ನ ಮಗಳು ನೂರೀನ್‌ಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ,
ನಾಗರತ್ನ

ತಾ.ಕ.: ಮಂಡಿನೋವು, ರಸ್ತೆ ಎಲ್ಲ ಬರೀ ನೆಪ. ಉಳಿ ಹಿಡಿದವನು ನಮ್ಮ ಪ್ರಸನ್ನ, ನನ್ನ ಮಗ. ಅವನೂ ಆ ಕಲ್ಲಿನ ಮುಂದೆ ಕೂತು ಪಾಠ ಕೇಳಿದವನೇ. ಯಾರೋ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ನಿನ್ನೆ ಊಟಕ್ಕೆ ಕೂತವನು, "ಅಖ್ತರಮ್ಮುನ್ನ ಕರ್ಸಮ್ಮ. ಅವ್ರು ಲೋಬಾನ ಹಾಕೋದು ಒಂದ್ ವಿಡಿಯೋ ಮಾಡ್ಕಂಬುಟ್ರೆ, ಇಲ್ಲೇನೂ ಆಗಿಲ್ಲ ಅಂತ ಆಯ್ತದೆ" ಎಂದ. ಎದ್ದು ಒಳಗೆ ಹೋದೆ. ಅವನೇ ನಿನಗೆ ಫೋನ್ ಮಾಡುತ್ತಾನೆ. ಅವನು ಏನು ಕೇಳಿದರೂ ಚಿಕ್ಕಂದಿನಿಂದ ನೀನು ಇಲ್ಲ ಎಂದವಳಲ್ಲ. ಈ ಸಲ ಇಲ್ಲ ಅನ್ನು, ಅಖ್ತರ್.