ಬಾಡುವ ಸರಕು

ಮಾರ್ಚ್ ೧೨, ಮಂಗಳವಾರ

ಸೊಪ್ಪೂ ಇಡಪ್ಪಾ ಎಂದಿದ್ದಕ್ಕೆ ನಮ್ಮ ಬೀದಿಯ ಅಂಗಡಿಯವನು ಆಡಿದ ಮಾತು ಇನ್ನೂ ಚುಚ್ಚುತ್ತಿದೆ. "ಸೊಪ್ಪು ಸಂಜೆಗೇ ಬಾಡುತ್ತೆ ಯಜಮಾನ್ರೇ. ನನ್ನ ಚಿಪ್ಸು ನಿಮಗಿಂತ ಹೆಚ್ಚು ಬಾಳುತ್ತೆ!" ನಾನೂ ನಕ್ಕುಬಿಟ್ಟೆನಲ್ಲ.

ಈ ಬೀದಿಯವರು ಸೊಪ್ಪಿಗೆ ಎರಡು ಬಸ್ಸು ಹತ್ತಬೇಕು. ಸಕ್ಕರೆ ಕಾಯಿಲೆಯಿದ್ದರೂ ನನ್ನ ಹೆಂಡತಿ, "ಬಿಸಿಲಲ್ಲಿ ಅಲೀಬೇಡಿ, ಬನ್ನೇ ಸಾಕು" ಅನ್ನುತ್ತಿದ್ದಳು. ಅಷ್ಟಕ್ಕೇ ನಾನು ಸುಮ್ಮನಾದೆ, ಅವಳು ಹೋಗಿಯೇಬಿಟ್ಟಳು. ಈಗ ಕೆಳಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿಗೂ ಅದೇ ಕಾಯಿಲೆ.

ಬಾಡುವ ಸರಕಿಗೆ ಇಂಗ್ಲಿಷಿನಲ್ಲಿ ಪೆರಿಷಬಲ್ ಅನ್ನುತ್ತಾರೆ. ಕಾಲೇಜಿನಲ್ಲಿ ನಾನು ಚೆರಿಷಬಲ್ ಎಂದು ಬರೆದು ನಗೆಪಾಟಲಾಗಿದ್ದೆ. ಅದರರ್ಥ ಜೋಪಾನ ಮಾಡತಕ್ಕದ್ದು. ಈಗ ಅನ್ನಿಸುತ್ತಿದೆ, ನಾನು ಬರೆದದ್ದೇ ಸರಿ.

ನಾಳೆ ಮೊದಲ ಬಸ್ಸಿಗೆ ಹೋಗಿ ಇಪ್ಪತ್ತು ಕಟ್ಟು ಸೊಪ್ಪು ತಂದು ಅವನ ಅಂಗಡಿಯೆದುರೇ ಕೂರುತ್ತೇನೆ. ಇವಳ ಹಳೇ ಹೊದಿಕೆ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಅದನ್ನು ಒದ್ದೆಯಾಗಿಯೇ ಸೊಪ್ಪಿನ ಮೇಲೆ ಹೊದಿಸಿದರೆ ಸಂಜೆಗೆ ಹೇಗೆ ಬಾಡುತ್ತದೋ, ನೋಡಿಯೇಬಿಡೋಣ...