ಚಿಲಕ ಯಾವ ಕಡೆ

ಕಣೇಕಲ್ಲು
ಬುಧವಾರ

ವಸುಂಧರಾ ಮೇಡಂ ಅವರಿಗೆ ವನಜಾಳ ನಮಸ್ಕಾರ.

ಹೆರಿಗೆಯಾಗಿ ನಲವತ್ತು ದಿನವಾಯಿತು. ಮಗಳು ಚೆನ್ನಾಗಿದ್ದಾಳೆ. ಫೋನು ನೋಡಿದರೆ ಬಾಣಂತಿಯ ಕಣ್ಣು ಹೋಗುತ್ತದೆಂದು ಅಮ್ಮ ಅದನ್ನು ಎತ್ತಿಟ್ಟಿದ್ದಾಳೆ. ಅದಕ್ಕೇ ಈ ಕಾಗದ. ಮಗುವನ್ನು ನೋಡಲು ಬರುವ ಆಶಾ ಕಾರ್ಯಕರ್ತೆ ಮಮತಾ ಅಂಚೆಗೆ ಹಾಕುತ್ತಾರೆ. ಉತ್ತರವನ್ನೂ ಲಕೋಟೆಯ ಮೇಲಿರುವ ಅವರ ವಿಳಾಸಕ್ಕೇ ಬರೆಯಿರಿ.

ಚಂದ್ರನ ಮೇಲೆ ಜನ ವಾಸಿಸಲು ಆಫೀಸಿನಲ್ಲಿ ನಾವು ಮಾಡಿದ ಮನೆಯ ನಕ್ಷೆಯನ್ನು ಸ್ಪರ್ಧೆಗೆ ಇನ್ನೂ ಕಳುಹಿಸಿರದಿದ್ದರೆ ದಯವಿಟ್ಟು ತಡೆಯಿರಿ. ಮಲಗುವ ಕೋಣೆಗೆ ಎಂಟಡಿ ಆರಡಿ ಸಾಕು, ಕಿಟಕಿ ಬೇಡ ಎಂದು ಹಟ ಹಿಡಿದವಳು ನಾನೇ. ನನ್ನ ಬಾಣಂತಿ ಕೋಣೆಯೂ ಅಷ್ಟೇ ಇದೆ. ಕಿಟಕಿಗೆ ಗೋಣಿಚೀಲ ಬಡಿದಿದ್ದಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಚಂದ್ರನಲ್ಲಿಗೇ ಹೊರಟವಳ ಹಾಗೆ ಕೂತಿದ್ದೇನೆ. ಹೊತ್ತು ತಿಳಿಯುವುದು ಕೆಂಡದ ಹೊಗೆಯಿಂದ: ಬೆಳಿಗ್ಗೆ ಲೋಬಾನ, ಸಂಜೆ ಬೆಳ್ಳುಳ್ಳಿ ಸಿಪ್ಪೆ. ಅಂಗೈ ಅಗಲದ್ದಾದರೂ ಸರಿ, ಒಂದು ಕಿಟಕಿ ಇಡಿ.

ಇನ್ನೊಂದು ತಿದ್ದುಪಡಿ. ಕೋಣೆಯ ಬಾಗಿಲನ್ನು ಹೊರಗಿನವರೇ ತೆಗೆಯಬೇಕು ಎಂದು ಬರೆದು, ಪಕ್ಕದಲ್ಲಿ ‘ಒಳಗಿರುವವರ ಒಳಿತಿಗಾಗಿ’ ಎಂದು ಸೇರಿಸಿದ್ದೆ. ಅದನ್ನು ಹೊಡೆದುಹಾಕಿ. ಕೆಲಸಕ್ಕೆ ಯಾವಾಗ ಹೋಗಲಿ ಎಂದು ಮೊನ್ನೆ ಅಮ್ಮನನ್ನು ಕೇಳಿದೆ.

“ಇನ್ನ ಯಾಕ ಆ ಕೆಲಸ? ಅಳಿಯನೋರು ಬ್ಯಾಡ ಅಂದಾರ. ನಿನ್ನ ಒಳ್ಳೇದಕ್ಕ ಹೇಳ್ತೀವಿ,” ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು.

ಚಿಲಕ ಒಳಗಡೆ ಇರಲಿ ಮೇಡಂ. ಇಲ್ಲಿ ಹೊರಗಿದೆ.

ಇನ್ನೂ ನಿಮ್ಮ ಆಫೀಸಿನವಳೇ,
ವನಜಾ